ಕೆಟಮಿನ್ ಒಂದು ಗಂಟೇಲಿ ಇಳೀತು, ನಾನು ವಾಪಸ್ ಬರೋಕೆ 14 ತಿಂಗಳು ಬೇಕಾಯ್ತು

ಹೋದ ವಾರ ಡಾಕ್ಟ್ರು ಫೈಲ್ ಮುಚ್ಚಿ "ಇನ್ಮೇಲೆ ಮೂರು ತಿಂಗಳಿಗೊಂದ್ಸಲ ಬಂದ್ರೆ ಸಾಕು" ಅಂದ್ರು. ಆಚೆ ಬಂದು ಮೆಟ್ಟಿಲ ಮೇಲೆ ಕೂತ್ಕೊಂಡು ಚೆನ್ನಾಗಿ ಅತ್ತೆ. ಅಳು ಬಂತಲ್ಲ ಅನ್ನೋದೇ ನಂಗೆ ದೊಡ್ಡ ವಿಷಯ, ಯಾಕಂದ್ರೆ ಸುಮಾರು ಎಂಟು ತಿಂಗಳು ಕಣ್ಣೀರೇ ಬರ್ತಿರ್ಲಿಲ್ಲ, ದುಃಖ ಅನ್ನೋದು ಪಕ್ಕದ ಮನೇಲಿ ನಡೀತಿರೋ ಜಗಳದ ತರ ದೂರದಿಂದ ಕೇಳಿಸ್ತಿತ್ತೇ ಹೊರತು ಒಳಗೆ ತಾಕ್ತಿರ್ಲಿಲ್ಲ. ಈಗ ಯಾರಾದ್ರೂ ರಾತ್ರಿ ಎರಡು ಗಂಟೆಗೆ ಫೋನ್ ಹಿಡ್ಕೊಂಡು "ನಾನು ನಾನೇ ಅಲ್ಲ ಅನ್ಸ್ತಿದೆ, ಎಲ್ಲಾ ಕನಸಿನ ತರ ಕಾಣ್ತಿದೆ" ಅಂತ ಹುಡುಕ್ತಾ ಇದ್ರೆ ಅವ್ರಿಗೋಸ್ಕರ ಇದನ್ನ ಬರೀತಿದೀನಿ. ಇದಕ್ಕೆ ಡಿಪರ್ಸನಲೈಸೇಷನ್ ಅಂತ ಹೆಸರಿದೆ, ಅದು ಗೊತ್ತಾಗೋಕೇ ನಂಗೆ ತಿಂಗಳುಗಟ್ಟಲೆ ಹಿಡೀತು. ನಾನು ಡಾಕ್ಟರ್ ಅಲ್ಲ. ಮಾತ್ರೆ ಹೆಸರು ಬರುತ್ತೆ, ಅದನ್ನ ನೋಡಿ ನೀವಾಗೇ ತಗೋಬೇಡಿ ದಯವಿಟ್ಟು.

ಶುರು ಆಗಿದ್ದು ಒಬ್ಬ ಫ್ರೆಂಡ್ ರೂಮಲ್ಲಿ. ಕೆಟಮಿನ್, ಆಪರೇಷನ್‌ಗೆ ಕೊಡೋ ಅರಿವಳಿಕೆ ಔಷಧಿ, ನಾವು ತಗೊಂಡಿದ್ದು ನಶೆಗೆ. ಅದಕ್ಕೆ ಮುಂಚೆ ಎರಡು ಸಲ ತಗೊಂಡಿದ್ದೆ, ಏನೂ ಆಗಿರ್ಲಿಲ್ಲ, ಮೈ ಹಗುರ ಆಗಿ ಹತ್ತಿ ಮೇಲೆ ನಡೆದ ಹಾಗೆ ಅನ್ಸಿತ್ತು ಅಷ್ಟೆ. ಮೂರನೇ ಸಲ ಆ ವಾರ ಪೂರ್ತಿ ನಿದ್ದೆ ಇರ್ಲಿಲ್ಲ, ಕೆಲಸದ ಟೆನ್ಷನ್ ಬೇರೆ. ಸ್ವಲ್ಪ ಹೊತ್ತಲ್ಲೇ ಕೈಕಾಲು ಇದಾವೆ ಅನ್ನೋದೇ ಗೊತ್ತಾಗ್ಲಿಲ್ಲ, ಆಮೇಲೆ ಮೂಲೇಲಿ ಮಲಗಿರೋ ನನ್ನನ್ನ ನಾನೇ ಮೇಲಿಂದ ನೋಡ್ತಿದೀನಿ ಅನ್ನಿಸ್ತು. ಅಲ್ಲೀವರೆಗೂ ಭಯ ಇರ್ಲಿಲ್ಲ. ಆಗ ಒಂದು ಯೋಚನೆ ಬಂತು: "ನಾನು ಇಲ್ಲಿಂದ ವಾಪಸ್ ಹೋಗದೇ ಇದ್ರೆ?" ಎದೆ ಝಲ್ ಅಂತು. ಕೂಗೋಣ ಅಂದ್ರೆ ಬಾಯಿ ನನ್ನದಲ್ಲ. ಗಡಿಯಾರದ ಪ್ರಕಾರ ಇದೆಲ್ಲ ಒಂದು ಗಂಟೆ ಒಳಗೇ ಮುಗೀತು, ಮೈ ವಾಪಸ್ ಬಂತು, ನೀರು ಕುಡಿದು ಮಲಗಿದೆ.

ಮಾರನೇ ದಿನ ಬೆಳಗ್ಗೆ ಹಲ್ಲುಜ್ಜೋವಾಗ ಕನ್ನಡೀಲಿ ಇರೋ ಮುಖ ನನ್ನದೇ ಅಂತ ಗೊತ್ತು, ಆದ್ರೆ ಪರಿಚಯದವರ ಮುಖ ನೋಡಿದ ಹಾಗಿತ್ತು. ಬ್ರಷ್ ಹಿಡಿದ ಕೈ ತಾನಾಗೇ ಆಡ್ತಿದೆ ಅನ್ನಿಸ್ತು. ಅಮ್ಮ ಫೋನ್ ಮಾಡಿದ್ರು, ಅವ್ರ ದನಿ ಅದೇ, ಪದಗಳೂ ಅರ್ಥ ಆಗ್ತಿದಾವೆ, ಆದ್ರೆ "ಇವ್ರು ನನ್ನಮ್ಮ" ಅನ್ನೋ ಆ ಬೆಚ್ಚಗಿನ ಭಾವನೆ ಮಾತ್ರ ಇಲ್ಲ. ಹ್ಯಾಂಗೋವರ್ ಇರ್ಬೇಕು, ನಾಳೆ ಹೋಗುತ್ತೆ ಅಂದ್ಕೊಂಡೆ. ನಾಳೆ ಹೋಗ್ಲಿಲ್ಲ, ಆ ವಾರಾನೂ ಹೋಗ್ಲಿಲ್ಲ. ರಸ್ತೆ, ಮರ, ಜನ ಎಲ್ಲಾ ಚಪ್ಪಟೆ, ನಾಟಕಕ್ಕೆ ಹಾಕಿರೋ ಪರದೆ ಮೇಲೆ ಬರೆದ ಚಿತ್ರದ ತರ. ನಂಗೂ ಜಗತ್ತಿಗೂ ಮಧ್ಯ ಒಂದು ಗಾಜು.

ಮೊದಲ ಎರಡು ತಿಂಗಳು ನಾನು ಮಾಡಿದ್ದು ಬರೀ ಹುಡುಕಾಟ. ಔಷಧಿ ಇನ್ನೂ ಮೈಯಲ್ಲೇ ಇದೆ ಅಂತ ಬಲವಾಗಿ ನಂಬಿದ್ದೆ. ಲೀಟರ್‌ಗಟ್ಟಲೆ ನೀರು ಕುಡಿದೆ, ಬೆವರು ಸುರಿಯೋವರೆಗೂ ಓಡಿದೆ. ಆಮೇಲೆ ಗೊತ್ತಾಯ್ತು, ಕೆಟಮಿನ್‌ನ ಅರ್ಧಾಯುಷ್ಯ ಬರೀ 2ರಿಂದ 3 ಗಂಟೆ, ಅಂದ್ರೆ ಆ ಹೊತ್ತಲ್ಲಿ ರಕ್ತದಲ್ಲಿರೋದು ಅರ್ಧಕ್ಕೆ ಇಳಿಯುತ್ತೆ, ಮತ್ತೆ ಅಷ್ಟೇ ಹೊತ್ತಲ್ಲಿ ಅದರ ಅರ್ಧ. ಒಂದೆರಡು ದಿನದಲ್ಲಿ ಪರಿಣಾಮ ಮಾಡುವಷ್ಟು ಏನೂ ಉಳಿದಿರಲ್ಲ. ಈ ಒಂದು ವಿಷಯ ಮೊದಲ ವಾರದಲ್ಲೇ ಯಾರಾದ್ರೂ ಹೇಳಿದ್ರೆ ಎಷ್ಟು ಒದ್ದಾಟ ತಪ್ತಿತ್ತೋ. ಮೈಯಿಂದ ಹೊರಗೆ ಹಾಕೋಕೆ ಅಲ್ಲಿ ಏನೂ ಇರ್ಲಿಲ್ಲ.

ಮೊದಲು ಹೋಗಿದ್ದು ಒಬ್ಬ ಫಿಸಿಷಿಯನ್ ಹತ್ರ. "ತಲೆ ಒಂಥರಾ ಮಂಕು, ನಿದ್ದೆ ಇಲ್ಲ" ಅಂತಷ್ಟೇ ಹೇಳ್ದೆ, ಡ್ರಗ್ ವಿಷಯ ಬಾಯಿಗೆ ಬರ್ಲಿಲ್ಲ. ಅವ್ರು ಥೈರಾಯ್ಡ್, ಬಿ12, ರಕ್ತಹೀನತೆ, ಸಕ್ಕರೆ ಎಲ್ಲಾ ನೋಡ್ಸಿದ್ರು, ಎಲ್ಲಾ ನಾರ್ಮಲ್. ಇಲ್ಲೊಂದು ಮಾತು. ನೀವು ತಗೊಂಡಿದ್ದು ನೈಟ್ರಸ್ ಆಕ್ಸೈಡ್, ಅಂದ್ರೆ ಬಲೂನಲ್ಲಿ ಎಳೆಯೋ ಗ್ಯಾಸ್ ಆಗಿದ್ರೆ ಬಿ12 ವಿಷಯ ಹಗುರವಾಗಿ ತಗೋಬೇಡಿ. ಆ ಗ್ಯಾಸ್ ಮೈಯಲ್ಲಿರೋ ಬಿ12ನ ನಿಷ್ಕ್ರಿಯ ಮಾಡಿಬಿಡುತ್ತೆ, ರಿಪೋರ್ಟಲ್ಲಿ ಪ್ರಮಾಣ ಸರಿ ಇದ್ರೂ ಅದು ಕೆಲಸ ಮಾಡ್ತಿರಲ್ಲ, ಅದಕ್ಕೇ ಹೋಮೋಸಿಸ್ಟೀನ್, ಮೀಥೈಲ್‌ಮಲೋನಿಕ್ ಆ್ಯಸಿಡ್ ಅನ್ನೋ ಟೆಸ್ಟ್‌ಗಳನ್ನೂ ನೋಡ್ತಾರೆ. ಕಾಲು ಜೋಮು ಹಿಡಿಯೋದು, ನಡೆಯೋವಾಗ ತೂರಾಡೋದು ಇದ್ರೆ ಅದೇ ದಿನ ಹೋಗಿ. ಹಾಗೇ ಕೆಟಮಿನ್ ಪದೇ ಪದೇ ತಗೊಂಡು ಉಚ್ಚೆ ಹೊಯ್ಯೋವಾಗ ನೋವು, ರಕ್ತ, ಹತ್ತು ನಿಮಿಷಕ್ಕೊಂದ್ಸಲ ಹೋಗ್ಬೇಕು ಅನ್ಸೋದು ಇದ್ರೆ ಅದೂ ಡಾಕ್ಟ್ರಿಗೆ ಹೇಳ್ಬೇಕಾದ್ದೇ, ಮೂತ್ರಕೋಶಕ್ಕೆ ಆಗೋ ಈ ಹಾನಿ ಬಗ್ಗೆ 2007ರಿಂದಲೇ ವೈದ್ಯರು ಬರೀತಿದಾರೆ. ನಂಗೆ ಎರಡೂ ಇರ್ಲಿಲ್ಲ. ನಿದ್ದೆ ಮಾತ್ರೆ ಕೊಟ್ಟು ಕಳ್ಸಿದ್ರು.

ಆಮೇಲೆ ನ್ಯೂರಾಲಜಿಸ್ಟ್. ಅಪಾಯಿಂಟ್‌ಮೆಂಟ್‌ಗೆ ಮೂರು ವಾರ ಕಾದೆ, ಎಂಆರ್‌ಐಗೆ ಮತ್ತೊಂದು ವಾರ. ಟೆಂಪೊರಲ್ ಲೋಬ್ ಅನ್ನೋ ಭಾಗದಲ್ಲಿ ಬರೋ ಮೂರ್ಛೆ ರೋಗಾನೂ ಹೀಗೇ "ಎಲ್ಲಾ ಅಪರಿಚಿತ" ಅನ್ನೋ ಭಾವನೆ ತರ್ಬಹುದು, ಅದಕ್ಕೇ ಇಇಜಿ, ಅಂದ್ರೆ ಮೆದುಳಿನ ವಿದ್ಯುತ್ ಅಲೆಗಳನ್ನ ನೋಡೋ ಟೆಸ್ಟ್, ಮಾಡ್ಬೇಕು ಅಂದ್ರು. ಅದು ಸರಿಯಾದ ಕ್ರಮಾನೇ, ತಪ್ಪು ಅಂತ ಹೇಳ್ತಿಲ್ಲ. ಆದ್ರೆ ಆ ಎಂಆರ್‌ಐ ಒಂದಕ್ಕೆ ಹೋದ ದುಡ್ಡಲ್ಲಿ ಆಮೇಲೆ ನಂಗೆ ನಿಜವಾಗ್ಲೂ ಉಪಯೋಗಕ್ಕೆ ಬಂದ ಥೆರಪಿಯ ಎಂಟೊಂಬತ್ತು ಸೆಷನ್ ಆಗ್ತಿತ್ತು. ಅವ್ರು ಕೇಳಿದ ಪ್ರಶ್ನೆ ನಂಗಿನ್ನೂ ನೆನಪಿದೆ: "ಗಾಂಜಾ ಸೇದ್ತೀರಾ?" ನಾನು "ಇಲ್ಲ ಡಾಕ್ಟ್ರೇ" ಅಂದೆ. ಸೇದ್ತಿರ್ಲಿಲ್ಲ, ಹಾಗಾಗಿ ಅದು ಸುಳ್ಳಲ್ಲ. ಆದ್ರೆ ಅವ್ರು ಏನು ತಿಳ್ಕೊಳ್ಳೋಕೆ ಕೇಳಿದ್ರು ಅಂತ ನಂಗೆ ಚೆನ್ನಾಗಿ ಗೊತ್ತಿತ್ತು. ಆ ಒಂದು "ಇಲ್ಲ" ನಂಗೆ ಕಡಿಮೆ ಅಂದ್ರೂ ನಾಲ್ಕು ತಿಂಗಳು ತಿಂದು ಹಾಕ್ತು. ಎರಡೂ ರಿಪೋರ್ಟ್ ನಾರ್ಮಲ್ ಅಂತ ಬಂದಾಗ ಅಕ್ಕ ಖುಷಿಯಿಂದ ತಬ್ಕೊಂಡ್ಳು. ನಂಗೆ ಯಾವ ಭಾವನೆಯೂ ಬರ್ಲಿಲ್ಲ, ಅವಳ ಕೈ ನನ್ನ ಹೆಗಲ ಮೇಲಿದೆ ಅನ್ನೋದನ್ನ ಒಂದು ಮಾಹಿತಿ ತರ ತಿಳ್ಕೊಂಡೆ ಅಷ್ಟೆ.

ಅವತ್ತು ರಾತ್ರಿ ಅಕ್ಕಂಗೆ ಎಲ್ಲಾ ಹೇಳ್ದೆ. ಬೈತಾಳೆ ಅಂದ್ಕೊಂಡಿದ್ದೆ, ಅವಳು ತುಂಬಾ ಹೊತ್ತು ಸುಮ್ನೆ ಕೂತು "ಇಷ್ಟು ದಿನ ಒಬ್ರೇ ಇಟ್ಕೊಂಡಿದ್ಯಲ್ಲೋ" ಅಂದ್ಳು. ಆಮೇಲೆ ಒಂದು ನೋಟ್‌ಬುಕ್ ತಂದು ಯಾವತ್ತು ಏನು ತಗೊಂಡೆ, ಎಷ್ಟು ಸಲ, ಯಾವತ್ತಿಂದ ಏನಾಗ್ತಿದೆ ಅಂತ ಬರೆಸಿದ್ಳು. ಆ ಒಂದೂವರೆ ಪುಟ ನನ್ನ ಇಡೀ ಫೈಲಲ್ಲಿ ಅತಿ ಮುಖ್ಯವಾದ ಕಾಗದ. ನೀವೂ ಬರೆದಿಟ್ಕೊಳಿ, ಯಾಕಂದ್ರೆ ಡಾಕ್ಟರ್ ಮುಂದೆ ಕೂತಾಗ ಬಾಯಿ ಕಟ್ಟುತ್ತೆ, ಪೇಪರ್ ಕೈಗೆ ಕೊಟ್ಬಿಡಬಹುದು.

ಮೊದಲ ಸೈಕಿಯಾಟ್ರಿಸ್ಟ್ ಹತ್ರ ಹೋಗಿದ್ದು ಐದನೇ ತಿಂಗಳು. ಅಲ್ಲಿ ನಾನು ಊಹೆ ಕೂಡ ಮಾಡದ ಒಂದು ಅಡ್ಡಿ ಬಂತು. ಕೆಟಮಿನ್ ತಗೊಂಡಿದ್ದೆ ಅಂತ ಹೇಳ್ದೆ, ಯೂರಿನ್ ಡ್ರಗ್ ಟೆಸ್ಟ್ ಬರೆದ್ರು, ನೆಗೆಟಿವ್ ಬಂತು. ಬರ್ಲೇಬೇಕು, ಐದು ತಿಂಗಳಾಗಿದೆ. ಅದರ ಮೇಲೆ ಸಾಮಾನ್ಯವಾಗಿ ಮಾಡೋ ಪ್ಯಾನೆಲ್‌ಗಳಲ್ಲಿ ಹೆಚ್ಚಿನವು ಕೆಟಮಿನ್ ಹುಡುಕೋದೇ ಇಲ್ಲ, ಅದನ್ನ ಬೇರೆಯಾಗಿ ಕೇಳಿ ಮಾಡಿಸ್ಬೇಕು. (ಉಲ್ಟಾನೂ ಆಗುತ್ತೆ, ಕೆಮ್ಮಿನ ಸಿರಪ್‌ನಲ್ಲಿರೋ ಡೆಕ್ಸ್ಟ್ರೋಮೆಥಾರ್ಫಾನ್ ಜಾಸ್ತಿ ಆದ್ರೆ ಕೆಲವು ಟೆಸ್ಟಲ್ಲಿ ಪಿಸಿಪಿ, ಅಂದ್ರೆ ಕೆಟಮಿನ್ ಜಾತೀದೇ ಇನ್ನೊಂದು ಡ್ರಗ್, ಅಂತ ಸುಳ್ಳು ಪಾಸಿಟಿವ್ ತೋರಿಸ್ಬಹುದು.) ಆದ್ರೆ ಆ ನೆಗೆಟಿವ್ ಕಾಗದ ಫೈಲ್ ಸೇರಿದ್ಮೇಲೆ ನನ್ನ ಮಾತಿನ ಮೇಲಿನ ನಂಬಿಕೆ ಕಡಿಮೆ ಆಯ್ತು. "ನನ್ನ ಕೈ ನನ್ನದಲ್ಲ, ಜನ ಎಲ್ಲಾ ಗೊಂಬೆ ತರ" ಅಂತ ನಾನು ಹೇಳಿದ್ದನ್ನ ಅವ್ರು ಭ್ರಮೆ ಅಂತ ಬರ್ಕೊಂಡ್ರು, ಸೈಕೋಸಿಸ್, ಅಂದ್ರೆ ವಾಸ್ತವದ ಅರಿವೇ ತಪ್ಪೋ ಕಾಯಿಲೆ, ಶುರು ಆಗಿದೆ ಅಂತ ಅದಕ್ಕೆ ಕೊಡೋ ಆ್ಯಂಟಿಸೈಕೋಟಿಕ್ ಮಾತ್ರೆ ಕೊಟ್ರು. ಏಳು ನಿಮಿಷದ ಭೇಟಿ ಅದು. ಆ ಮಾತ್ರೆ ಬೇಕಾದವರಿಗೆ ಜೀವ ಉಳಿಸುತ್ತೆ ಅಂತ ಗೊತ್ತು, ನನ್ನ ವಿಷಯದಲ್ಲಿ ಮಾತ್ರ ಎರಡು ತಿಂಗಳು ಇನ್ನೂ ಮರಗಟ್ಟಿಸಿಬಿಡ್ತು, ಗಾಜು ಇದ್ದ ಕಡೆ ಗೋಡೆ ಬಂದ ಹಾಗೆ.

ಇದರಿಂದ ಕಲ್ತಿದ್ದನ್ನ ಹೇಳ್ತೀನಿ. "ತರ" ಅನ್ನೋ ಪದಾನ ಒತ್ತಿ ಹೇಳಿ. "ಜನ ಗೊಂಬೆಗಳು" ಅಂತ ಹೇಳೋದಕ್ಕೂ "ಜನ ಗೊಂಬೆಗಳ ತರ ಅನ್ಸ್ತಾರೆ, ಆದ್ರೆ ಅವ್ರು ಮನುಷ್ಯರೇ ಅಂತ ನಂಗೆ ಗೊತ್ತು" ಅನ್ನೋದಕ್ಕೂ ಡಾಕ್ಟ್ರಿಗೆ ಭೂಮಿ ಆಕಾಶದ ವ್ಯತ್ಯಾಸ. ಈ ಕಾಯಿಲೇಲಿ ವಾಸ್ತವದ ತಿಳುವಳಿಕೆ ಹೋಗಿರಲ್ಲ, ಅನುಭವ ಮಾತ್ರ ಹೋಗಿರುತ್ತೆ. ರೋಗ ಪತ್ತೆ ಹಚ್ಚೋ ಮಾನದಂಡದಲ್ಲೇ ಅದಿದೆ.

ಆ ಏಳನೇ ತಿಂಗಳು ತುಂಬಾ ಕೆಟ್ಟದು. ಹೀಗೇ ಬದುಕೋದಾದ್ರೆ ಯಾಕೆ ಬದುಕ್ಬೇಕು ಅನ್ನೋ ಯೋಚನೆ ಬರೋಕೆ ಶುರುವಾಯ್ತು, ಅದೂ ಭಾವನೆ ಇಲ್ಲದೆ, ಲೆಕ್ಕ ಹಾಕಿದ ಹಾಗೆ ಬರ್ತಿತ್ತು, ಅದಕ್ಕೇ ಹೆಚ್ಚು ಭಯ. ಒಂದು ರಾತ್ರಿ ಅಕ್ಕನ ರೂಮಿಗೆ ಹೋಗಿ "ಅಕ್ಕಾ, ಇವತ್ತು ನನ್ನ ಒಬ್ರನ್ನೇ ಬಿಡ್ಬೇಡ" ಅಂದೆ. ಅವಳು ಏನೂ ಕೇಳ್ದೆ ಪಕ್ಕದಲ್ಲಿ ಹಾಸಿಗೆ ಹಾಕಿದ್ಳು, ಬೆಳಗ್ಗೆ ಎಮರ್ಜೆನ್ಸಿಗೆ ಕರ್ಕೊಂಡು ಹೋದ್ಳು. ನಿಮಗೂ ಅಂಥ ಯೋಚನೆ ಬಂದ್ರೆ ಮುಂದಿನ ಅಪಾಯಿಂಟ್‌ಮೆಂಟ್ ತನಕ ಕಾಯ್ಬೇಡಿ, ಆ ರಾತ್ರಿನೇ ಯಾರಿಗಾದ್ರೂ ಹೇಳಿ.

ಎಮರ್ಜೆನ್ಸಿಲಿ ನನ್ನ ಒಂದೂವರೆ ಪುಟ ಪೂರ್ತಿ ಓದಿದ ಒಬ್ಬ ಜೂನಿಯರ್ ಡಾಕ್ಟರ್ "ಇದು ಡಿಪರ್ಸನಲೈಸೇಷನ್ ಇರಬಹುದು" ಅಂತ ಮೊದಲ ಸಲ ಆ ಪದ ಬಳಸಿದ್ರು, ಅದರ ಬಗ್ಗೆ ತಿಳಿದಿರೋ ಒಬ್ಬ ಸೈಕಿಯಾಟ್ರಿಸ್ಟ್ ಹತ್ರ ರೆಫರ್ ಮಾಡಿದ್ರು. ಅಲ್ಲಿಗೆ ಮತ್ತೆ ಐದು ವಾರ ಕಾಯೋದು. ಅಷ್ಟರಲ್ಲಿ ಅಕ್ಕ ಎಲ್ಲಾ ಚೀಟಿ, ರಿಪೋರ್ಟು, ತಗೊಂಡ ಮಾತ್ರೆಗಳ ಹೆಸರು, ಯಾವ ದಿನದಿಂದ ಯಾವ ದಿನದವರೆಗೆ ಅಂತ ತಾರೀಖಿನ ಪ್ರಕಾರ ಜೋಡಿಸಿ ಒಂದು ಫೈಲ್ ಮಾಡಿದ್ಳು.

ಆ ಡಾಕ್ಟ್ರು ಒಂದು ಗಂಟೆ ಮಾತಾಡಿದ್ರು. ಮೊದಲು ಒಂದು ಪ್ರಶ್ನಾವಳಿ ಕೊಟ್ರು, ಕೇಂಬ್ರಿಡ್ಜ್ ಡಿಪರ್ಸನಲೈಸೇಷನ್ ಸ್ಕೇಲ್ ಅಂತ, 2000ನೇ ಇಸವೀಲಿ ಬಂದಿದ್ದು, 29 ಪ್ರಶ್ನೆ. ಪ್ರತಿಯೊಂದಕ್ಕೂ ಎಷ್ಟು ಸಲ ಆಗುತ್ತೆ, ಎಷ್ಟು ಹೊತ್ತು ಇರುತ್ತೆ ಅಂತ ಗುರುತು ಹಾಕ್ಬೇಕು, ಒಟ್ಟು 290ಕ್ಕೆ. 70 ದಾಟಿದ್ರೆ ಈ ಕಾಯಿಲೆ ಇರೋ ಸಾಧ್ಯತೆ ಅಂತ ತಗೋತಾರೆ. ನಂದು 162. ಆ ಪ್ರಶ್ನೆಗಳನ್ನ ಓದ್ತಾ ಓದ್ತಾ ಕೈ ನಡುಗ್ತು, ಯಾಕಂದ್ರೆ ನಾನು ಯಾರಿಗೂ ಹೇಳೋಕಾಗದ ವಿಷಯಗಳು ಅಲ್ಲಿ ಆಗ್ಲೇ ಅಚ್ಚಾಗಿದ್ವು. ಬೇರೆ ಯಾರಿಗೋ ಆಗಿಲ್ದೆ ಇದನ್ನ ಯಾರು ಪ್ರಶ್ನೆ ಮಾಡ್ತಾರೆ ಹೇಳಿ?

ಹೆಸರು ಡಿಪರ್ಸನಲೈಸೇಷನ್-ಡಿರಿಯಲೈಸೇಷನ್ ಡಿಸಾರ್ಡರ್. ತನ್ನಿಂದ ತಾನು ದೂರ ಆದ ಹಾಗೆ ಅನ್ಸೋದು ಮೊದಲನೇದು, ಸುತ್ತಲಿನ ಜಗತ್ತು ನಿಜವಲ್ಲ ಅನ್ಸೋದು ಎರಡನೇದು. ಕಾಯಿಲೆಗಳಿಗೆ ಕೋಡ್ ಕೊಡೋ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿ ಐಸಿಡಿ, ಅದರ ಹಳೇ ಐಸಿಡಿ-10ರಲ್ಲಿ ಎಫ್48.1, ಐಸಿಡಿ-11ರಲ್ಲಿ 6ಬಿ66. ಈ ಕೋಡ್ ಚೀಟಿ ಮೇಲೆ ಬರೆಸ್ಕೊಳಿ, ರಜೆಗೆ, ಕ್ಲೇಮ್‌ಗೆ ಎಲ್ಲಾ ಕಡೆ ಕೇಳ್ತಾರೆ. ನೂರಕ್ಕೆ ಒಬ್ಬರಿಂದ ಇಬ್ಬರಿಗೆ ಇರೋ ಕಾಯಿಲೆ ಅಂದ್ರು. ಅಷ್ಟು ಜನಕ್ಕೆ ಇರೋದನ್ನ ಹೆಸರಿಟ್ಟು ಹೇಳೋಕೆ ನಂಗೆ ಎಂಟು ತಿಂಗಳು, ನಾಲ್ಕು ಆಸ್ಪತ್ರೆ ಬೇಕಾಯ್ತು.

ನಾನು ಕೇಳ್ಲೇಬೇಕು ಅಂತಿದ್ದ ಪ್ರಶ್ನೆ ಕೇಳ್ದೆ: "ಕೆಟಮಿನ್ ನನ್ನ ಮೆದುಳು ಹಾಳು ಮಾಡ್ತಾ ಡಾಕ್ಟ್ರೇ?" ಅವ್ರು ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದ್ದನ್ನ ನಂಗೆ ಅರ್ಥ ಆದ ಹಾಗೆ ಹೇಳ್ತೀನಿ. ಮೆದುಳಿನ ನರಕೋಶಗಳ ಮಧ್ಯ ಸುದ್ದಿ ಸಾಗಿಸೋ ಗ್ಲುಟಮೇಟ್ ಅನ್ನೋ ರಾಸಾಯನಿಕ ಇದೆ, ಅದು ಬಂದು ಕೂರೋ ಬಾಗಿಲುಗಳಲ್ಲಿ ಎನ್‌ಎಂಡಿಎ ರಿಸೆಪ್ಟರ್ ಅನ್ನೋದು ಒಂದು. ಕೆಟಮಿನ್, ಪಿಸಿಪಿ, ಮಿತಿ ಮೀರಿದ ಡೆಕ್ಸ್ಟ್ರೋಮೆಥಾರ್ಫಾನ್, ನೈಟ್ರಸ್ ಆಕ್ಸೈಡ್ ಇವೆಲ್ಲ ಆ ಬಾಗಿಲಿಗೆ ಅಡ್ಡ ನಿಲ್ತವೆ. ಆಗ ಕಣ್ಣು ನೋಡಿದ್ದು, ಮೈಗೆ ತಾಕಿದ್ದು, ಮನಸಿಗೆ ಅನ್ಸಿದ್ದು ಇವೆಲ್ಲ ಸೇರಿ "ನಾನು" ಅಂತ ಒಟ್ಟಾಗೋದು ತಪ್ಪುತ್ತೆ. ಕೆಟಮಿನ್‌ನ 1962ರಲ್ಲಿ ಕ್ಯಾಲ್ವಿನ್ ಸ್ಟೀವನ್ಸ್ ಅನ್ನೋ ರಸಾಯನಶಾಸ್ತ್ರಜ್ಞರು ತಯಾರಿಸಿದ್ದು, ಪಿಸಿಪಿ ಕೊಟ್ಟ ರೋಗಿಗಳು ಎಚ್ಚರ ಆಗೋವಾಗ ತುಂಬಾ ಕೆರಳ್ತಿದ್ರಿಂದ ಅದಕ್ಕಿಂತ ಸೌಮ್ಯವಾದ ಅರಿವಳಿಕೆ ಹುಡುಕ್ತಾ. 1964ರಲ್ಲಿ ಎಡ್ವರ್ಡ್ ಡೊಮಿನೊ ಮತ್ತು ಗುಂಟರ್ ಕಾರ್ಸೆನ್ ಅನ್ನೋ ಸಂಶೋಧಕರು ಮೊದಲ ಸಲ ಮನುಷ್ಯರಿಗೆ ಕೊಟ್ಟಾಗ ಅವ್ರು ಗಾಳೀಲಿ ತೇಲಿದ ಹಾಗಾಯ್ತು, ಕೈಕಾಲು ಇಲ್ಲ ಅನ್ನಿಸ್ತು ಅಂದ್ರಂತೆ, ಅದನ್ನ ಕೇಳಿ ಡೊಮಿನೊ ಅವರ ಹೆಂಡತಿ ಟೋನಿ "ಡಿಸೋಸಿಯೇಟಿವ್", ಅಂದ್ರೆ ತನ್ನಿಂದ ತನ್ನನ್ನ ಬೇರ್ಪಡಿಸೋದು, ಅನ್ನೋ ಪದ ಸೂಚಿಸಿದ್ರು. ಅಂದ್ರೆ ನಾನು ಆ ರೂಮಲ್ಲಿ ಕಂಡಿದ್ದು ಆ ಔಷಧಿಯ ತಪ್ಪು ಪರಿಣಾಮ ಅಲ್ಲ, ಅದರ ಹೆಸರಲ್ಲೇ ಇರೋ ಪರಿಣಾಮ.

ಆದ್ರೆ ಡಿಪರ್ಸನಲೈಸೇಷನ್ ಅನ್ನೋ ಪದ ಅದಕ್ಕಿಂತ ಹಳೇದು, 1898ರಲ್ಲೇ ಲುಡೊವಿಕ್ ಡ್ಯೂಗಾ ಅನ್ನೋ ಫ್ರೆಂಚ್ ಲೇಖಕರು ಅದನ್ನ ಬಳಸಿದ್ರು. ಕೆಟಮಿನ್ ಹುಟ್ಟೋಕೆ 60 ವರ್ಷಕ್ಕೂ ಮುಂಚೆ ಜನಕ್ಕೆ ಇದು ಆಗ್ತಿತ್ತು, ಯಾವ ಔಷಧಿನೂ ಇಲ್ದೆ. ಇದು ಮನುಷ್ಯನ ಮೆದುಳಲ್ಲೇ ಇರೋ ಒಂದು ರಕ್ಷಣೆ, ಅಪಘಾತ ಆದಾಗ, ವಿಪರೀತ ಭಯ ಆದಾಗ ಭಾವನೆಗಳಿಗೆ ಬ್ರೇಕ್ ಹಾಕೋದು. ಮೆದುಳಿನ ಮುಂಭಾಗ, ಭಯ ನೋಡ್ಕೊಳ್ಳೋ ಅಮಿಗ್ಡಲಾ ಅನ್ನೋ ಭಾಗಾನ ಅದುಮಿ ಹಿಡಿಯುತ್ತೆ ಅಂತ 1998ರಲ್ಲಿ ಸಿಯೆರಾ ಮತ್ತು ಬೆರಿಯೊಸ್ ಅನ್ನೋ ಮನೋವೈದ್ಯರು ಒಂದು ವಾದ ಮುಂದಿಟ್ರು. ಡಾಕ್ಟ್ರು ಇದನ್ನ ಸಿದ್ಧಾಂತ ಅಂತಾನೇ ಹೇಳಿದ್ರು, ಕೊನೇ ಮಾತು ಅಂತ ಅಲ್ಲ. ಆಮೇಲೆ 2001ರಲ್ಲಿ ಸ್ಕ್ಯಾನ್ ಒಳಗೆ ಮಲಗಿಸಿ ಅಸಹ್ಯ ಆಗೋ ಚಿತ್ರ ತೋರಿಸಿ ನೋಡಿದಾಗ ಈ ಕಾಯಿಲೆ ಇದ್ದವರ ಮೆದುಳಲ್ಲಿ ಮೈಯೊಳಗಿನ ಅನುಭವ ನೋಡ್ಕೊಳ್ಳೋ ಇನ್ಸುಲಾ ಅನ್ನೋ ಭಾಗ ಬೇರೆಯವರಷ್ಟು ಪ್ರತಿಕ್ರಿಯೆ ಕೊಟ್ಟಿರ್ಲಿಲ್ಲ.

"ಔಷಧಿ ನಿಮ್ಮನ್ನ ಆ ಬಾಗಿಲಿನ ತನಕ ಕರ್ಕೊಂಡು ಹೋಯ್ತು. ಅದು ಹೊರಟು ಹೋಯ್ತು. ಈಗ ನಿಮ್ಮನ್ನ ಅಲ್ಲೇ ಹಿಡಿದಿರೋದು ಭಯ" ಅಂದ್ರು. ಇನ್ನೊಂದು ಮಾತೂ ಹೇಳಿದ್ರು: ನಶೆ ಇರೋವಾಗ ಆಗೋದನ್ನ ಈ ಕಾಯಿಲೆ ಅಂತ ಲೆಕ್ಕ ಹಾಕಲ್ಲ, ನಶೆ ಪೂರ್ತಿ ಇಳಿದ್ಮೇಲೂ ಉಳ್ಕೊಂಡ್ರೆ ಮಾತ್ರ. ಗಾಂಜಾ, ಭ್ರಮೆ ತರೋ ಡ್ರಗ್‌ಗಳು, ಕೆಟಮಿನ್, ಎಕ್ಸ್ಟಸಿ ಇಂಥವುಗಳಿಂದ ಶುರುವಾದ ಕೇಸ್‌ಗಳು ಅಮೆರಿಕದ ಮನೋವೈದ್ಯರ ರೋಗನಿರ್ಣಯ ಪುಸ್ತಕ, 2013ರ ಡಿಎಸ್‌ಎಂ-5 ಪ್ರಕಾರ ನೂರಕ್ಕೆ 15ರಷ್ಟಿವೆ. 2003ರಲ್ಲಿ ಡ್ರಗ್ ನಂತರ ಶುರುವಾದ 40 ಜನರನ್ನ, ಹಾಗಲ್ಲದೆ ಶುರುವಾದ 124 ಜನರ ಜೊತೆ ಹೋಲಿಸಿ ನೋಡಿದಾಗ ಲಕ್ಷಣಗಳಲ್ಲಿ ದೊಡ್ಡ ವ್ಯತ್ಯಾಸ ಕಂಡಿರ್ಲಿಲ್ಲ. ಇದನ್ನ ಕೇಳಿದಾಗ ನಂಗೆ ಎಷ್ಟೋ ಸಮಾಧಾನ ಆಯ್ತು. ಡ್ರಗ್‌ನಿಂದ ಬಂದಿದ್ದಕ್ಕೆ ಬೇರೆ ಜಾತಿ, ವಾಸಿ ಆಗದ ಜಾತಿ ಅನ್ನೋದು ನನ್ನ ತಲೇಲಿತ್ತು, ಹುಡುಕಾಟದಲ್ಲಿ ಎಲ್ಲೆಲ್ಲೋ ಓದಿ ಕಟ್ಕೊಂಡಿದ್ದು ಅದು.

ಅದೇ ರೂಮಲ್ಲಿದ್ದ ಇನ್ನಿಬ್ಬರಿಗೆ ಏನೂ ಆಗ್ಲಿಲ್ಲವಲ್ಲ ಅಂತ ಕೇಳ್ದೆ. ನಿದ್ದೆಗೆಟ್ಟ ವಾರ, ಮೊದಲಿಂದ ಇರೋ ಆತಂಕ, ಮಧ್ಯದಲ್ಲಿ ಬಂದ ಪ್ಯಾನಿಕ್ ಎಲ್ಲಾ ಕಾರಣ ಆಗಿರಬಹುದು ಅಂದ್ರು. ಆಗ ನೆನಪಾಯ್ತು, ಸ್ಕೂಲಲ್ಲಿ ಪರೀಕ್ಷೆ ಹಾಲ್‌ನಲ್ಲಿ ಒಂದೆರಡು ಸಲ ಪೆನ್ ಹಿಡಿದ ಕೈ ಬೇರೆ ಯಾರದ್ದೋ ಅನ್ಸಿತ್ತು, ಐದು ನಿಮಿಷದಲ್ಲಿ ಹೋಗಿತ್ತು, ಯಾರಿಗೂ ಹೇಳಿರ್ಲಿಲ್ಲ.

ಚಿಕಿತ್ಸೆ ವಿಷಯ. ಈ ಕಾಯಿಲೆಗೆ ಅಂತಾನೇ ಒಪ್ಪಿಗೆ ಪಡೆದ ಮಾತ್ರೆ ಇಲ್ಲ, ಅದನ್ನ ಡಾಕ್ಟ್ರು ಮೊದಲೇ ನೇರವಾಗಿ ಹೇಳಿದ್ರು. ಆ್ಯಂಟಿಸೈಕೋಟಿಕ್‌ನ ನಿಧಾನಕ್ಕೆ ಇಳಿಸಿ ನಿಲ್ಲಿಸಿದ್ರು (ಥಟ್ ಅಂತ ನಿಲ್ಲಿಸ್ಬೇಡಿ ಅಂತ ಎರಡು ಸಲ ಹೇಳಿದ್ರು), ಆತಂಕಕ್ಕೆ ಒಂದು ಎಸ್‌ಎಸ್‌ಆರ್‌ಐ (ಡಿಪ್ರೆಷನ್, ಆತಂಕಕ್ಕೆ ಕೊಡೋ ಒಂದು ಬಗೆಯ ಮಾತ್ರೆ), ಸ್ವಲ್ಪ ದಿನ ಆದ್ಮೇಲೆ ಅದರ ಜೊತೆ ಲ್ಯಾಮೊಟ್ರಿಜಿನ್. ಇದು ಮೂಲದಲ್ಲಿ ಮೂರ್ಛೆ ರೋಗದ ಔಷಧಿ, ಗ್ಲುಟಮೇಟ್ ಬಿಡುಗಡೆ ತಗ್ಗಿಸುತ್ತೆ. ಆರೋಗ್ಯವಂತರಿಗೆ ಮೊದಲೇ ಲ್ಯಾಮೊಟ್ರಿಜಿನ್ ಕೊಟ್ಟು ಆಮೇಲೆ ಕೆಟಮಿನ್ ಕೊಟ್ಟಾಗ ಕೆಟಮಿನ್ ತರೋ ಆ ವಿಚಿತ್ರ ಅನುಭವಗಳು ಕಡಿಮೆ ಆಗಿದ್ದು 2000ನೇ ಇಸವೀಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕಂಡಿತ್ತು, ಹಾಗಾಗಿ ಈ ಕಾಯಿಲೆಗೂ ಪ್ರಯತ್ನ ಮಾಡಿದ್ರು. ಒಂದೇ ಮಾತ್ರೆಯಾಗಿ ಕೊಟ್ಟ 9 ಜನರ ಚಿಕ್ಕ ಪ್ರಯೋಗದಲ್ಲಿ ಉಪಯೋಗ ಆಗ್ಲಿಲ್ಲ, ಎಸ್‌ಎಸ್‌ಆರ್‌ಐ ಜೊತೆ ಕೊಟ್ಟಾಗ ಕೆಲವರಿಗೆ ಆಗಿದೆ. ಇದನ್ನ ತುಂಬಾ ಕಡಿಮೆ ಪ್ರಮಾಣದಿಂದ ವಾರಗಟ್ಟಲೆ ನಿಧಾನಕ್ಕೆ ಏರಿಸ್ತಾರೆ, ಯಾಕಂದ್ರೆ ಬೇಗ ಏರಿಸಿದ್ರೆ ಅಪಾಯಕಾರಿ ಚರ್ಮದ ಗುಳ್ಳೆ ಬರಬಹುದು. ಮೂರನೇ ವಾರ ನಂಗೆ ಕುತ್ತಿಗೆ ಹತ್ರ ಕೆಂಪಗಾಯ್ತು, ಅಕ್ಕ ರಾತ್ರೋರಾತ್ರಿ ಫೋನ್ ಮಾಡಿದ್ಳು, ಆ ರಾತ್ರಿ ಡೋಸ್ ನಿಲ್ಲಿಸಿ ಮಾರನೇ ದಿನ ತೋರಿಸಿದ್ವಿ, ಬೆವರುಸಾಲೆ ಅಂತ ಗೊತ್ತಾಯ್ತು. ಅಂಥ ಫೋನ್ ಮಾಡೋಕೆ ಸಂಕೋಚ ಪಡ್ಬೇಡಿ.

ನನ್ನ ಅನುಭವದಲ್ಲಿ ಮಾತ್ರೆ ನೆಲ ಗಟ್ಟಿ ಮಾಡ್ತು, ನಡೆಸಿದ್ದು ಥೆರಪಿ. ವಾರಕ್ಕೊಂದು, ಒಟ್ಟು 22 ಸೆಷನ್. ಥೆರಪಿಸ್ಟ್ ಮೊದಲ ವಾರ ಒಂದೇ ಕೆಲಸ ಕೊಟ್ರು: "ಈಗ ಹೇಗಿದೆ?" ಅಂತ ದಿನಕ್ಕೆ ಎಷ್ಟು ಸಲ ಒಳಗೆ ಇಣುಕಿ ನೋಡ್ತೀರಿ ಅಂತ ಗೀಟು ಹಾಕಿ. ಮೊದಲ ದಿನ 93 ಗೀಟು. ಕನ್ನಡಿ ನೋಡೋದು, ಕೈ ಉಜ್ಜಿ ನೋಡೋದು, ಜೋರಾಗಿ ಹೆಸರು ಹೇಳ್ಕೊಂಡು ಅದು ನನ್ನ ದನಿ ಹೌದಾ ಅಂತ ಕೇಳಿಸ್ಕೊಳ್ಳೋದು, ಆಮೇಲೆ ಫೋನಲ್ಲಿ ಲಕ್ಷಣ ಹುಡುಕೋದು. ಪ್ರತಿ ಸಲ ಇಣುಕಿದಾಗ ಭಯ, ಭಯಕ್ಕೆ ಬ್ರೇಕ್ ಇನ್ನೂ ಬಿಗಿ, ಬಿಗಿಯಾದಷ್ಟು ಗಾಜು ದಪ್ಪ, ಮತ್ತೆ ಇಣುಕೋದು. ಇದೇ ಆ ಕಾಯಿಲೆಗೆ ನಾನೇ ಹಾಕ್ತಿದ್ದ ಊಟ. ಹನ್ನೆರಡನೇ ವಾರದ ಹೊತ್ತಿಗೆ 20ರ ಒಳಗೆ ಬಂತು. ಅದು ನೇರವಾಗಿ ಇಳೀಲಿಲ್ಲ, ಒಂದು ವಾರ ಚೆನ್ನಾಗಿದ್ದು ಮರುವಾರ ಟ್ಯೂಬ್‌ಲೈಟ್ ಇರೋ ದೊಡ್ಡ ಹಾಲ್‌ಗೆ ಹೋದಾಗ ಮೊದಲ ದಿನದಷ್ಟೇ ಬಂತು, ಎಲ್ಲಾ ಮುಗೀತು ಅಂದ್ಕೊಂಡೆ. ಅಲ್ಲಿಂದ ಓಡಿ ಹೋಗದೆ ಇಪ್ಪತ್ತು ನಿಮಿಷ ಇದ್ದು ಬನ್ನಿ ಅನ್ನೋದು ಮುಂದಿನ ಹೋಮ್‌ವರ್ಕ್. ಕಣ್ಣಿಗೆ ಕಾಣೋದು, ಕಿವಿಗೆ ಕೇಳೋದು, ಕೈಗೆ ತಾಕೋದು ಹೆಸರಿಸೋ ಅಭ್ಯಾಸಾನೂ ಕಲಿಸಿದ್ರು. ಆದ್ರೆ ಅದನ್ನೇ ಗಾಬರಿಯಿಂದ "ಹೋಯ್ತಾ ಇಲ್ವಾ" ಅಂತ ನೋಡೋಕೆ ಬಳಸಿದ್ರೆ ಅದೂ ಇಣುಕೋದೇ ಆಗುತ್ತೆ.

ಹಣದ ವಿಷಯದಲ್ಲಿ ಒಂದು ಪೆಟ್ಟು ಬಿತ್ತು. ಇನ್ಶೂರೆನ್ಸ್‌ನವರು ಒಂದು ಚೀಟೀಲಿ ಡ್ರಗ್ ಅನ್ನೋ ಪದ ನೋಡಿ ಇಡೀ ಕ್ಲೇಮ್ ತಿರಸ್ಕಾರ ಮಾಡಿದ್ರು. ಸುಳ್ಳು ಹೇಳೋಕೆ ನಾನು ತಯಾರಿರ್ಲಿಲ್ಲ, ಆ ಸುಳ್ಳಿಂದ ಏನಾಯ್ತು ಅಂತ ನೋಡಿಯಾಗಿತ್ತು. ಡಾಕ್ಟ್ರು ಎರಡು ಪುಟದ ಪತ್ರ ಬರೆದುಕೊಟ್ರು, ಇದು ನಶೆಯ ಚಿಕಿತ್ಸೆ ಅಲ್ಲ, ನಶೆ ಇಳಿದ ತಿಂಗಳುಗಳ ನಂತರವೂ ಇರೋ ಬೇರೆಯೇ ಕಾಯಿಲೆ, ಕೋಡ್ ಇಂಥದ್ದು ಅಂತ. ಎರಡು ಸಲ ಮೇಲ್ಮನವಿ ಹಾಕಿದ್ಮೇಲೆ ಅರ್ಧದಷ್ಟು ವಾಪಸ್ ಬಂತು. ಥೆರಪಿಗೆ ಒಂದು ಪೈಸೆನೂ ಬರ್ಲಿಲ್ಲ, ಅಕ್ಕನೇ ಕೊಟ್ಳು.

ಹನ್ನೊಂದನೇ ತಿಂಗಳು ಮನಸು ತುಂಬಾ ಕುಸಿದಿದ್ದಾಗ ಒಬ್ಬರು, ಒಳ್ಳೇ ಮನಸಿಂದಾನೇ, ಡಿಪ್ರೆಷನ್‌ಗೆ ಕೆಟಮಿನ್ ಚಿಕಿತ್ಸೆ ಬಂದಿದೆ, ಅದನ್ನ ಯಾಕೆ ನೋಡ್ಬಾರ್ದು ಅಂದ್ರು. ಮೈ ತಣ್ಣಗಾಯ್ತು. ಡಾಕ್ಟ್ರನ್ನ ಕೇಳ್ದೆ. ಮಾತು ನಿಜ, ಕೆಟಮಿನ್‌ನದೇ ಒಂದು ರೂಪ ಎಸ್‌ಕೆಟಮಿನ್, ಅದರ ಮೂಗಿನ ಸ್ಪ್ರೇಗೆ ಅಮೆರಿಕದಲ್ಲಿ 2019ರಲ್ಲಿ ಒಪ್ಪಿಗೆ ಸಿಕ್ಕಿದೆ, ಬೇರೆ ಮಾತ್ರೆ ಕೆಲಸ ಮಾಡದ ಡಿಪ್ರೆಷನ್‌ಗೆ. ಡಿಸೋಸಿಯೇಷನ್, ಮಂಪರು ಆಗುತ್ತೆ ಅಂತಾನೇ ಕೊಟ್ಟ ಮೇಲೆ ಕಡಿಮೆ ಅಂದ್ರೂ 2 ಗಂಟೆ ಅಲ್ಲೇ ಕೂರಿಸಿ ನೋಡ್ಕೊಳ್ಬೇಕು ಅನ್ನೋ ನಿಯಮ ಇದೆ, ಹೆಚ್ಚಿನವರಿಗೆ ಅಷ್ಟರಲ್ಲಿ ಇಳಿದುಹೋಗುತ್ತೆ. ಆದ್ರೆ "ನಿಮಗೆ ನಾನು ಕೊಡಲ್ಲ" ಅಂದ್ರು, ಅಷ್ಟೆ, ವಾದ ಇಲ್ಲ. ಕೆಟಮಿನ್ ವಿಷ ಅಂತ ನಾನು ಹೇಳಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟೀಲಿ ಇರೋ ಅರಿವಳಿಕೆ ಅದು, ಎಷ್ಟೋ ಆಪರೇಷನ್ ಅದರಿಂದಾನೇ ನಡೀತವೆ. ನಾನು ಮಾತ್ರ ಈಗ ಎಲ್ಲಾ ಆಸ್ಪತ್ರೆ ಫಾರ್ಮಲ್ಲೂ, ಅಲರ್ಜಿ ಕೇಳೋ ಜಾಗದ ಪಕ್ಕದಲ್ಲಿ, ಇದನ್ನ ಬರೀತೀನಿ, ಅರಿವಳಿಕೆ ಕೊಡೋ ಡಾಕ್ಟ್ರಿಗೆ ಬಾಯಲ್ಲೂ ಹೇಳ್ತೀನಿ. ಗಾಂಜಾ, ಕೆಮ್ಮಿನ ಸಿರಪ್ ಜಾಸ್ತಿ ಕುಡಿಯೋದು, ಬಲೂನ್, ಯಾವುದರ ಹತ್ರಾನೂ ಹೋಗಲ್ಲ.

ವಾಪಸ್ ಬಂದಿದ್ದು ಯಾವತ್ತು ಅಂತ ಕೇಳಿದ್ರೆ ಹೇಳೋಕಾಗಲ್ಲ. ಹನ್ನೆರಡನೇ ತಿಂಗಳು ಒಂದು ಮಧ್ಯಾಹ್ನ ಅಕ್ಕನ ಜೊತೆ ಯಾವುದೋ ವಿಷಯಕ್ಕೆ ಜೋರು ಜಗಳ ಆಡ್ತಿದ್ದೆ, ನಿಜವಾಗ್ಲೂ ಸಿಟ್ಟು ಬಂದಿತ್ತು, ಮುಖ ಬಿಸಿ ಆಗಿತ್ತು. ಅವಳು ಮಾತು ನಿಲ್ಲಿಸಿ ನನ್ನೇ ನೋಡ್ತಾ ನಿಂತ್ಳು, ಅವಳ ಕಣ್ಣಲ್ಲಿ ನೀರು. "ಬೈತಿದೀಯಲ್ಲ, ಬೈಯಿ" ಅಂದ್ಳು. ಅರ್ಧ ಗಂಟೆಯಿಂದ ನಾನು ಒಳಗೆ ಇಣುಕೇ ಇರ್ಲಿಲ್ಲ.

ಹೋದ ವಾರ ಮತ್ತೆ ಆ 29 ಪ್ರಶ್ನೆ ತುಂಬಿಸಿದೆ, 38 ಬಂತು. ಲ್ಯಾಮೊಟ್ರಿಜಿನ್ ಇಳಿಸೋದು ಮುಂದಿನ ಭೇಟಿಲಿ ನೋಡೋಣ ಅಂದಿದಾರೆ. ಉಳಿದಿರೋದು ಮುಖ್ಯವಾಗಿ ಒಂದು: ನನ್ನ ನೆನಪುಗಳಿಂದ ನಾನೇ ದೂರ ಇದ್ದ ಹಾಗೆ ಅನ್ಸೋದು. ಈ 14 ತಿಂಗಳನ್ನ ನೆನೆಸ್ಕೊಂಡ್ರೆ ಬೇರೆ ಯಾರೋ ಹೇಳಿದ ಕತೆ ತರ ಇದೆ, ಅಕ್ಕನ ಆ ನೋಟ್‌ಬುಕ್, ಗೀಟುಗಳ ಹಾಳೆ, ಚೀಟಿಗಳನ್ನ ಪಕ್ಕದಲ್ಲಿ ಇಟ್ಕೊಂಡೇ ತಾರೀಖು ನೋಡಿ ನೋಡಿ ಇಷ್ಟನ್ನೂ ಬರೆದೆ.